ಹುಳುಕಡ್ಡಿಗೆ ನ್ಯಾನೋ ಬೆಳ್ಳಿ ಜೆಲ್ ಹಚ್ಚಬಹುದಾ?

ಬಸಣ್ಣ_ರಾಣೆಬೆನ್ನೂರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ತೊಡೆಸಂದಿಯಲ್ಲಿ ಮತ್ತು ಸೊಂಟದ ಸುತ್ತ ಹುಳುಕಡ್ಡಿ ಎದ್ದಿದೆ. ಹೋದ ಬೇಸಿಗೆಯಲ್ಲಿ ಶುರುವಾಗಿದ್ದು ಇನ್ನೂ ಹೋಗಿಲ್ಲ. ಅವನು ಲಾರಿ ಓಡಿಸುತ್ತಾನೆ. ಇಲ್ಲಿಂದ ಮೆಕ್ಕೆಜೋಳ ತುಂಬಿಕೊಂಡು ನಾಮಕ್ಕಲ್ ಕಡೆ ಕೋಳಿ ಫಾರಂಗಳಿಗೆ ಹೋಗುವ ಲೈನು. ಇಂಜಿನ್ ಬಿಸಿ, ರೆಕ್ಸಿನ್ ಸೀಟು, ಮೈಯೆಲ್ಲಾ ಬೆವರು. ಸ್ನಾನ ಯಾವ ಡಾಬಾದಲ್ಲಿ ಸಿಕ್ಕರೆ ಅಲ್ಲಿ.

ಮೊದಲು ದಾರಿಯಲ್ಲಿ ಒಂದು ಮೆಡಿಕಲ್ ಶಾಪಿನವರು ಟ್ಯೂಬ್ ಕೊಟ್ಟರು. ಎರಡೇ ದಿನಕ್ಕೆ ತುರಿಕೆ ನಿಂತಿತಂತೆ. ಹಚ್ಚುವುದು ಬಿಟ್ಟ ಕೂಡಲೇ ಮೊದಲಿಗಿಂತ ದೊಡ್ಡದಾಗಿ ಎದ್ದಿತು. ಮತ್ತೆ ಅದೇ ಟ್ಯೂಬ್, ಮತ್ತೆ ಅದೇ ಕಥೆ. ಆಮೇಲೆ ಇಲ್ಲಿನ ಡಾಕ್ಟರ್ ಟರ್ಬಿನಾಫಿನ್ ಮಾತ್ರೆ ಬರೆದುಕೊಟ್ಟರು. ಅದನ್ನು ತಪ್ಪದೆ ನುಂಗಿದ, ನಾನೇ ಫೋನ್ ಮಾಡಿ ಕೇಳುತ್ತಿದ್ದೆ. ಸ್ವಲ್ಪ ಇಳಿಯಿತು, ಅಂಚು ಮಾತ್ರ ಕೆಂಪಗೆ ಹಾಗೇ ಉಳಿಯಿತು. ಈಗ ನಮ್ಮ ಅವ್ವನ ಸೊಂಟಕ್ಕೂ ನನ್ನ ಮಗಳ ಮೊಣಕೈಗೂ ದುಂಡಗೆ ಎದ್ದಿದೆ. ಮಗಳು ಮೂರನೇ ಕ್ಲಾಸು.

ಬೆಂಗಳೂರಿನಲ್ಲಿರುವ ನಮ್ಮ ಅಕ್ಕನ ಮಗ ಇದನ್ನೆಲ್ಲಾ ಕೇಳಿ ಆನ್‌ಲೈನಿನಲ್ಲಿ ಒಂದು ಜೆಲ್ ತರಿಸಿ ಕಳಿಸಿದ್ದಾನೆ. ನ್ಯಾನೋ ಸಿಲ್ವರ್ ಅಂತೆ. ಡಬ್ಬಿ ಮೇಲೆ 20 ಪಿಪಿಎಂ ಎಂದು ಬರೆದಿದೆ. ಜೊತೆಗೆ ಒಂದು ಚೀಟಿ: ಬ್ಯಾಕ್ಟೀರಿಯಾ, ವೈರಸ್, ಫಂಗಸ್ ಎಲ್ಲವನ್ನೂ ಕೊಲ್ಲುತ್ತದೆ, ಲೋಹಕ್ಕೆ ಫಂಗಸ್ ಯಾವತ್ತೂ ಒಗ್ಗುವುದಿಲ್ಲ, ಸ್ಟೀರಾಯ್ಡ್ ಇಲ್ಲ, ಸೈಡ್ ಎಫೆಕ್ಟ್ ಇಲ್ಲ. ಅದೇ ಕಂಪನಿಯವರು ಕುಡಿಯುವ ಬೆಳ್ಳಿ ನೀರನ್ನೂ ಮಾರುತ್ತಾರೆ. ಬೆಳಿಗ್ಗೆ ಎರಡು ಚಮಚ ಕುಡಿದರೆ ಒಳಗಿನಿಂದಲೇ ಹೋಗುತ್ತದಂತೆ.

ಸೋದರಳಿಯ ಇಂಜಿನಿಯರ್. ಇದರ ಬಗ್ಗೆ ನೂರಾರು ಸಂಶೋಧನಾ ಲೇಖನಗಳಿವೆ ಮಾಮಾ, ಸುಳ್ಳಲ್ಲ ಅನ್ನುತ್ತಾನೆ. ನಾನು ಕಿರಾಣಿ ಅಂಗಡಿಯವನು, ನನಗೆ ಇದು ತಿಳಿಯುವುದಿಲ್ಲ. ನಿಜವಾಗಿಯೂ ಬೆಳ್ಳಿಗೆ ಫಂಗಸ್ ಸಾಯುತ್ತದಾ? ಸಾಯುವುದಾದರೆ ಡಾಕ್ಟರ್ ಯಾಕೆ ಇದನ್ನೇ ಬರೆದುಕೊಡುವುದಿಲ್ಲ? ಮಗಳಿಗೆ ಹಚ್ಚಬಹುದಾ? ತಿಳಿದವರು ಹೇಳಿ.

ಕೆರೆ_ಏರಿ:

ಬಸಣ್ಣ, ಇದಕ್ಕೆಲ್ಲಾ ದುಡ್ಡು ಸುರಿಯಬೇಡಿ. ನಮ್ಮ ಕಡೆ ಗಜಕರ್ಣ ಅಂತಾರೆ. ಕಕ್ಕೆ ಸೊಪ್ಪು ಅರೆದು ಹಚ್ಚಿದರೆ ಹೋಗುತ್ತೆ. ನಮ್ಮ ಅಜ್ಜಿ ಹಚ್ಚುತ್ತಿದ್ದರು.

ಅಗರ್_ತಟ್ಟೆ:

ಬಸಣ್ಣ, ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಧಾರವಾಡದಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ ಮಾಡಿದವಳು. ನನ್ನ ಪ್ರಾಜೆಕ್ಟೇ ಬೆಳ್ಳಿಯ ನ್ಯಾನೋ ಕಣ ಮತ್ತು ಫಂಗಸ್. ಈಗ ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ಕೆಲಸ. ದಿನಾ ಬರುವ ಚರ್ಮದ ಸ್ಯಾಂಪಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಿಮ್ಮ ತಮ್ಮನ ಕಥೆಯೇ. ಹಾಗಾಗಿ ಎರಡೂ ಕಡೆಯದು ಸ್ವಲ್ಪ ಗೊತ್ತು. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಬೆಳ್ಳಿಗೆ ಫಂಗಸ್ ಸಾಯುತ್ತದಾ? ಸಾಯುತ್ತದೆ. ನಾನೇ ಕೊಂದಿದ್ದೇನೆ. ತುಳಸಿ ಎಲೆ ಕುದಿಸಿ ಸೋಸಿದ ನೀರನ್ನು ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಹಾಕಿ ಇಟ್ಟರೆ ಸಾಕು. ಮೊದಲು ತಿಳಿ ಹಳದಿ ಇರುತ್ತದೆ, ನೋಡನೋಡುತ್ತಾ ಕಂದು ಬಣ್ಣಕ್ಕೆ ತಿರುಗುತ್ತದೆ. ಎಲೆಯಲ್ಲಿರುವ ಪದಾರ್ಥಗಳು ಬೆಳ್ಳಿಯ ಅಯಾನನ್ನು (ನೀರಲ್ಲಿ ಕರಗಿ ಓಡಾಡುವ, ವಿದ್ಯುದಂಶ ಹೊತ್ತ ಬೆಳ್ಳಿ) ಲೋಹದ ಕಣವಾಗಿ ಮಾಡುತ್ತವೆ, ಮೇಲೆ ಒಂದು ಹೊದಿಕೆಯನ್ನೂ ಕೊಡುತ್ತವೆ. ಯಂತ್ರದಲ್ಲಿಟ್ಟು ನೋಡಿದರೆ 420 ನ್ಯಾನೋಮೀಟರ್ ಸುತ್ತಮುತ್ತಲಿನ ಬೆಳಕನ್ನು ಅದು ಹೀರುತ್ತದೆ. ಅಲ್ಲಿ ಗೋಪುರ ಎದ್ದರೆ ಕಣ ಆಗಿದೆ ಅಂತ ಲೆಕ್ಕ. ಕೈಗವಸು ಹಾಕದಿದ್ದರೆ ಬೆರಳ ತುದಿ ಕಪ್ಪಾಗುತ್ತದೆ, ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ನಮ್ಮ ಬ್ಯಾಚಿನಲ್ಲಿ ಒಬ್ಬರು ಬೇವು, ಒಬ್ಬರು ನುಗ್ಗೆ, ಒಬ್ಬರು ಬಿಲ್ವ. ಕ್ಯಾಂಪಸ್ಸಿನಲ್ಲಿ ಎಲೆ ಉಳಿದಿದ್ದೇ ಪುಣ್ಯ. ನಿಮ್ಮ ಸೋದರಳಿಯ ಹೇಳಿದ ಆ ನೂರಾರು ಲೇಖನಗಳಲ್ಲಿ ಬಹಳಷ್ಟು ಹೀಗೇ ಹುಟ್ಟಿದವು.

ಆಮೇಲೆ ಲ್ಯಾಬಿನಲ್ಲಿ ಫಂಗಸ್ ಬೆಳೆಸುವ ಅಗರ್ ತಟ್ಟೆಯ ಮೇಲೆ ಕ್ಯಾಂಡಿಡಾ ಅನ್ನುವ ಫಂಗಸ್ ಹರಡುವುದು, ಅದರಲ್ಲಿ ಸಣ್ಣ ಗುಂಡಿ ಕೊರೆದು ಈ ಕಂದು ನೀರು ಹಾಕುವುದು. ಮಾರನೇ ದಿನ ಗುಂಡಿಯ ಸುತ್ತ ದುಂಡಗೆ ಖಾಲಿ ಜಾಗ. ಅಲ್ಲಿ ಫಂಗಸ್ ಬೆಳೆದಿಲ್ಲ. ನೋಡಿದಾಗ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ. ನಮ್ಮ ಗೈಡ್ ಮಾತ್ರ ಒಂದು ಮಾತು ಕೇಳಿದರು. ಎಲೆ ನೀರನ್ನು ಒಂದೇ ಹಾಕಿ ನೋಡಿದೆಯಾ? ಬರೀ ಸಿಲ್ವರ್ ನೈಟ್ರೇಟನ್ನು ಅಷ್ಟೇ ಪ್ರಮಾಣದಲ್ಲಿ ಹಾಕಿ ನೋಡಿದೆಯಾ? ಹಾಕಿದೆ. ಬರೀ ನೈಟ್ರೇಟ್ ಕೂಡ ಅಷ್ಟೇ ಚೆನ್ನಾಗಿ ಕೊಂದಿತು. ಅಂದರೆ ಕೊಲ್ಲುತ್ತಿದ್ದುದು ಬೆಳ್ಳಿಯ ಅಯಾನು. ಅಯಾನನ್ನು ನಿಧಾನವಾಗಿ ಬಿಡುವ ಉಗ್ರಾಣ ಈ ಕಣ. 1ರಿಂದ 100 ನ್ಯಾನೋಮೀಟರ್ ಗಾತ್ರ ಅಂದರೆ ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ಭಾಗ ಮಾಡಿ, ಅದರಲ್ಲಿ ಒಂದರಿಂದ ನೂರು ಭಾಗದಷ್ಟು. ಕಣ ಚಿಕ್ಕದಾದಷ್ಟೂ ಒಟ್ಟು ಮೈ ಜಾಸ್ತಿ, ಅಯಾನು ಬೇಗ ಬೇಗ ಹೊರಗೆ ಬರುತ್ತದೆ. ಅದು ಫಂಗಸ್ಸಿನ ಪ್ರೋಟೀನಿನಲ್ಲಿರುವ ಗಂಧಕಕ್ಕೆ ಹೋಗಿ ಅಂಟುತ್ತದೆ, ಹೊರಪೊರೆ ಹಾಳು ಮಾಡುತ್ತದೆ, ಒಳಗಿನ ಕೆಲಸ ಕೆಡಿಸುತ್ತದೆ. ಹಲವು ಕಡೆ ಒಟ್ಟಿಗೆ ಹೊಡೆತ.

ಹುಳುಕಡ್ಡಿಯ ಫಂಗಸ್ ಮೇಲೂ ನೋಡಿದ್ದಾರೆ. 2008ರಲ್ಲೇ ಕೊರಿಯಾದವರು ಟ್ರೈಕೋಫೈಟಾನ್ ಮೇಲೆ ಪ್ರಯೋಗ ಮಾಡಿ, ಮಿಲಿಲೀಟರಿಗೆ ಕೆಲವೇ ಮೈಕ್ರೋಗ್ರಾಂ ಬೆಳ್ಳಿಗೇ ಬೆಳವಣಿಗೆ ತಗ್ಗುತ್ತದೆ ಅಂತ ಬರೆದರು. ನಿಮ್ಮ ಡಬ್ಬಿಯ 20 ಪಿಪಿಎಂ ಅಂದರೆ ಹೆಚ್ಚುಕಡಿಮೆ ಮಿಲಿಲೀಟರಿಗೆ 20 ಮೈಕ್ರೋಗ್ರಾಂ. ಲೆಕ್ಕ ನೋಡಿದರೆ ಸಾಕಾಗಬೇಕು, ಅಲ್ವಾ? ಕಂಪನಿಯವರು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನದು ಅವರಿಗೆ ಬೇಡ.

ತಟ್ಟೆಯಲ್ಲಿ ಬೆವರಿಲ್ಲ. ನಿಮ್ಮ ತಮ್ಮನ ತೊಡೆಸಂದಿಯಲ್ಲಿ ಬೆವರಿದೆ, ಬೆವರಿನಲ್ಲಿ ಉಪ್ಪಿದೆ. ಸಿಲ್ವರ್ ನೈಟ್ರೇಟಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ನೋಡಿ, ತಕ್ಷಣ ಬೆಳ್ಳಗೆ ಗಷ್ಟು ಕಟ್ಟಿ ತಳಕ್ಕೆ ಇಳಿಯುತ್ತದೆ. ಪಿಯುಸಿಯಲ್ಲಿ ವಿಜ್ಞಾನ ಓದಿದ ಎಲ್ಲರೂ ಮಾಡಿರುತ್ತಾರೆ. ಅಯಾನಾಗಿ ಓಡಾಡಬೇಕಾದ ಬೆಳ್ಳಿ ಹಾಗೆ ಕಟ್ಟಿಹೋಗುತ್ತದೆ. ಇನ್ನೊಂದು, ಬೆಳ್ಳಿಗೆ ಗಂಧಕ ಅಂದರೆ ಪ್ರೀತಿ ಅಂದೆನಲ್ಲ, ನಮ್ಮ ಚರ್ಮದ ಮೇಲಿನ ಸತ್ತ ಪದರ, ಕೂದಲು, ಉಗುರು ಎಲ್ಲಾ ಕೆರಾಟಿನ್ ಅನ್ನುವ ಪ್ರೋಟೀನ್. ಅದರ ತುಂಬಾ ಗಂಧಕ. ಫಂಗಸ್ ಹತ್ತಿರ ಹೋಗುವ ಮೊದಲೇ ಬೆಳ್ಳಿ ಅಲ್ಲೇ ಅಂಟಿಕೊಳ್ಳುತ್ತದೆ. ಆ ಕೆರಾಟಿನ್ ಒಳಗೆ ಕೂತು ಅದನ್ನೇ ತಿನ್ನುತ್ತಿರುವುದು ಹುಳುಕಡ್ಡಿಯ ಫಂಗಸ್. ಕೆಲವು ಸಲ ಕೂದಲ ಬುಡದವರೆಗೂ ಇಳಿದಿರುತ್ತದೆ. ಮೇಲೆ ಸವರಿದ ಲೋಹದ ಕಣದ ಬಹುಪಾಲು ಮೇಲೇ ಉಳಿಯುತ್ತದೆ. ಒಳಗೆ ಇಳಿಯುವುದಿಲ್ಲ ಅನ್ನುವುದು ಒಂದು ರೀತಿಯಲ್ಲಿ ಒಳ್ಳೆಯದೇ, ರಕ್ತಕ್ಕೆ ಸೇರುವುದಿಲ್ಲವಲ್ಲ. ಆದರೆ ಔಷಧಿಯಾಗಿ ಅದೇ ಕೊರತೆ. ನುಂಗಿದ ಟರ್ಬಿನಾಫಿನ್ ಆದರೆ ರಕ್ತದಿಂದ, ಚರ್ಮದ ಜಿಡ್ಡಿನಿಂದ ಆ ಸತ್ತ ಪದರಕ್ಕೇ ಹೋಗಿ ಸೇರಿ, ಮಾತ್ರೆ ನಿಲ್ಲಿಸಿದ ಮೇಲೂ ವಾರಗಟ್ಟಲೆ ಅಲ್ಲೇ ಇರುತ್ತದೆ.

ಹಾಗಾದರೆ ಆ ಮಾತ್ರೆ ಯಾಕೆ ಕೆಲಸ ಮಾಡಲಿಲ್ಲ? ಇದೇ ನನಗೆ ಮುಖ್ಯ ಅನಿಸಿದ್ದು. ಟರ್ಬಿನಾಫಿನ್ ಫಂಗಸ್ಸಿನ ಒಂದು ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ, ಸ್ಕ್ವಾಲೀನ್ ಎಪಾಕ್ಸಿಡೇಸ್ ಅಂತ. ಅದು ನಿಂತರೆ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ತಯಾರಾಗುವುದಿಲ್ಲ. ಈಗ ನಮ್ಮ ದೇಶದಲ್ಲಿ ಹರಡಿರುವ ಒಂದು ಜಾತಿಯಲ್ಲಿ ಆ ಕಿಣ್ವದ ಜೀನೇ ಒಂದಿಷ್ಟು ಬದಲಾಗಿ, ಮಾತ್ರೆ ಅದಕ್ಕೆ ಕೂರುವುದೇ ಇಲ್ಲ. 2020ರಲ್ಲಿ ಜಪಾನಿನವರು ಅಲ್ಲಿದ್ದ ಒಬ್ಬ ಭಾರತೀಯ ಮತ್ತು ಒಬ್ಬ ನೇಪಾಳಿ ರೋಗಿಯ ಚರ್ಮದಿಂದ ತೆಗೆದು ಇದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ನಮ್ಮ ದೇಶದ ಹೆಸರು ಹೊತ್ತುಕೊಂಡು ಈಗ ಯುರೋಪು, ಅಮೆರಿಕದಲ್ಲೂ ತಿರುಗುತ್ತಿದೆ. ನಿಮ್ಮ ತಮ್ಮನದು ಅದೇ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಮಾತ್ರೆ ತಪ್ಪದೆ ತೆಗೆದುಕೊಂಡರೂ ಹೋಗಿಲ್ಲ, ಮನೆಯವರಿಗೂ ಹಬ್ಬಿದೆ ಅಂದರೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ ಪರೀಕ್ಷೆ ಮಾಡಿಸಲೇಬೇಕು. ಬೇರೆ ದಾರಿಯಿಂದ ಕೆಲಸ ಮಾಡುವ ಮಾತ್ರೆಗಳಿವೆ, ಇಟ್ರಕೊನಜೋಲ್ ಥರದ್ದು. ಯಾವುದು, ಎಷ್ಟು ದಿನ ಅನ್ನುವುದು ಅವರಿಗೆ ಬಿಟ್ಟದ್ದು.

ನ್ಯಾನೋ ಅಂದ ಕೂಡಲೇ ಮೋಸ ಅಂದುಕೊಳ್ಳಬೇಡಿ. 2021ರಲ್ಲಿ ಕೋವಿಡ್ ಆದವರಿಗೆ ಕಪ್ಪು ಫಂಗಸ್ ಬಂದಾಗ ಜನ ಒಂದು ಇಂಜೆಕ್ಷನ್ನಿಗಾಗಿ ಊರೂರು ಅಲೆದರಲ್ಲ, ಲಿಪೋಸೋಮಲ್ ಆಂಫೋಟೆರಿಸಿನ್, ಅದೂ ನ್ಯಾನೋ ಔಷಧಿಯೇ. ಕಣದ ಗಾತ್ರ 100 ನ್ಯಾನೋಮೀಟರಿಗಿಂತ ಚಿಕ್ಕದು. ಆದರೆ ಅದರಲ್ಲಿ ಲೋಹ ಇಲ್ಲ. ಹಳೇ ಔಷಧಿಯನ್ನೇ ಕೊಬ್ಬಿನ ಸಣ್ಣ ಗುಳ್ಳೆಯಲ್ಲಿಟ್ಟು ಕಿಡ್ನಿಗೆ ಆಗುವ ಏಟು ಕಡಿಮೆ ಮಾಡಿದ್ದಾರೆ. ಜನರ ಮೇಲೆ ಪರೀಕ್ಷೆಯಾಗಿ, 1997ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು. ಬೆಳ್ಳಿ, ತಾಮ್ರ, ಸತುವಿನ ಕಣಗಳು ಹುಳುಕಡ್ಡಿಯ ವಿಷಯದಲ್ಲಿ ಇನ್ನೂ ಬಹುತೇಕ ತಟ್ಟೆಯಲ್ಲೇ, ಇಲ್ಲವೇ ಇಲಿಯ ಮೈಮೇಲೇ ಇವೆ.

ಕುಡಿಯುವ ಬೆಳ್ಳಿ ನೀರು ಮಾತ್ರ ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ದಿನಾ ಕುಡಿದರೆ ಬೆಳ್ಳಿ ಚರ್ಮದಲ್ಲಿ ಕೂತು ಮೈ ಬಣ್ಣ ನೀಲಿ ಬೂದಿಗೆ ತಿರುಗುತ್ತದೆ. ಆರ್ಜೈರಿಯಾ ಅಂತಾರೆ, ಬಂದರೆ ಹೋಗುವುದಿಲ್ಲ. ಅಮೆರಿಕದ ಮೊಂಟಾನಾದಲ್ಲಿ ಚುನಾವಣೆಗೆ ನಿಂತ ಒಬ್ಬ ರಾಜಕಾರಣಿಯ ಮುಖವೇ ಹೀಗೆ ನೀಲಿಯಾಗಿತ್ತು, ಮನೆಯಲ್ಲೇ ಬೆಳ್ಳಿ ನೀರು ಮಾಡಿಕೊಂಡು ಕುಡಿದಿದ್ದ. ಈ ಥರದ ಬೆಳ್ಳಿ ಸುರಕ್ಷಿತವೂ ಅಲ್ಲ, ಗುಣಕಾರಿಯೂ ಅಲ್ಲ ಅಂತ ಅಲ್ಲಿನ ಔಷಧ ಇಲಾಖೆ 1999ರಲ್ಲೇ ಹೇಳಿ ಆಗಿದೆ.

ತೋಟದ_ಭಟ್ಟ:

ಅಗರ್ ತಟ್ಟೆ ಮೇಡಂ, ಒಳ್ಳೆಯ ಮಾಹಿತಿ. ಒಂದು ತಕರಾರು ಇದೆ. ಲೋಹದಿಂದ ಫಂಗಸ್ ಓಡಿಸುವುದು ಲ್ಯಾಬಿನಲ್ಲೇ ಉಳಿದ ವಿಷಯ ಅನ್ನುವ ಹಾಗೆ ಬರೆದಿದ್ದೀರಿ. ನಾವು ಶಿರಸಿ ಕಡೆ ಅಡಿಕೆಯವರು, ವರ್ಷಾ ವರ್ಷ ಅದನ್ನೇ ಮಾಡುತ್ತೇವೆ.

ಅಡಿಕೆ ಕಾಯಿಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಟ್ಟರೆ ಇವತ್ತಿಗೂ ಗತಿ ಇಲ್ಲ. ಒಂದು ಕಿಲೋ ಮೈಲುತುತ್ತ (ತಾಮ್ರದ ಲವಣ), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಉಲ್ಟಾ ಸುರಿದರೆ ಕೆಟ್ಟಿತು. ಆಕಾಶದ ಬಣ್ಣಕ್ಕೆ ಬರುತ್ತದೆ. ಆಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ ತೆಗೆಯುತ್ತೇವೆ. ಅಲಗಿನ ಮೇಲೆ ಕೆಂಪು ತಾಮ್ರ ಹಿಡಿದರೆ ಸುಣ್ಣ ಸಾಲದು, ಇನ್ನೊಂದಿಷ್ಟು ಹಾಕಬೇಕು. ಹಾಗೇ ಹೊಡೆದರೆ ಎಳೇ ಕಾಯಿ ಸುಡುತ್ತದೆ. ನಮ್ಮ ಕೊನೆಗೌಡನಿಗೆ ಅಲಗು ನೋಡದೆ ಮರ ಹತ್ತುವ ಅಭ್ಯಾಸವೇ ಇಲ್ಲ.

ಇದು ಫ್ರಾನ್ಸಿನ ಬೋರ್ಡೋ ಊರಿನಿಂದ ಬಂದದ್ದು. ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ಅಲ್ಲಿನವರು ರಸ್ತೆ ಬದಿಯ ಬಳ್ಳಿಗೆ ಸುಣ್ಣ, ತುತ್ತ ಎರಚಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬರಲಿಲ್ಲ. ಮಿಲಾರ್ಡೆ ಅನ್ನುವ ಪ್ರೊಫೆಸರ್ ಅದನ್ನು ಗಮನಿಸಿ 1885ರಲ್ಲಿ ಪ್ರಕಟಿಸಿದ. ನಮ್ಮಲ್ಲಿಗೆ ತಂದದ್ದು ಕೆನಡಾದ ಲೆಸ್ಲಿ ಕೋಲ್ಮನ್, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದವರು. 1910ರ ಸುಮಾರಿಗೆ ಕೊಳೆರೋಗದ ಮೇಲೆ ಬರೆದು, ಮಲೆನಾಡಿನ ತೋಟಗಳಲ್ಲಿ ಸಿಂಪಡಿಸಿ ತೋರಿಸಿದರು. ಅದಕ್ಕೂ ಮೊದಲು ಮಳೆಗಾಲಕ್ಕೆ ಗೊನೆಗೊನೆಗೂ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುವುದೊಂದೇ ದಾರಿ.

ನೂರು ವರ್ಷ ದಾಟಿದರೂ ತಾಮ್ರ ಕೆಲಸ ಮಾಡುತ್ತಿದೆ. ಲೋಹಕ್ಕೆ ಫಂಗಸ್ ಒಗ್ಗುವುದಿಲ್ಲ ಅನ್ನುವ ಚೀಟಿಯ ಮಾತು ಅಷ್ಟರ ಮಟ್ಟಿಗೆ ನಿಜ ಅಲ್ಲವೇ? ಬೆಳ್ಳಿ ಯಾಕೆ ಹಾಗಾಗಬಾರದು?

ಅಗರ್_ತಟ್ಟೆ:

ಭಟ್ಟರೇ, ಕತ್ತಿಯ ಅಲಗಿನ ಪರೀಕ್ಷೆ ಬರೆದಿದ್ದಕ್ಕೆ ನಿಮಗೆ ಒಂದು ಲೋಟ ಕಷಾಯ ಬಾಕಿ. ಮೊದಲ ವರ್ಷದ ಕೆಮಿಸ್ಟ್ರಿಯನ್ನು ಇಷ್ಟು ಚೆನ್ನಾಗಿ ನಮಗೆ ಯಾರೂ ತೋರಿಸಲಿಲ್ಲ. ಕಬ್ಬಿಣ ಕರಗಿ ತಾಮ್ರ ಕೂರುವುದು ಅದು.

ನಿಮ್ಮ ತಕರಾರು ಒಪ್ಪಿದೆ, ಗಿಡದ ವಿಷಯ ನಾನು ಬಿಟ್ಟೇಬಿಟ್ಟಿದ್ದೆ. ಆದರೆ ನೀವು ಬೋರ್ಡೋ ಯಾವಾಗ ಹೊಡೆಯುತ್ತೀರಿ? ಮಳೆ ಹಿಡಿಯುವ ಮೊದಲು, ಅಲ್ವಾ? ಕಾಯಿ ಕೊಳೆತ ಮೇಲೆ ಹೊಡೆದರೆ ಆ ಕಾಯಿ ಉಳಿಯುತ್ತದಾ? ಇಲ್ಲ. ಕಾಯಿಯ ಮೇಲೆ ತಾಮ್ರದ ಪದರ ಮೊದಲೇ ಕೂತಿರಬೇಕು. ರೋಗದ ಬೀಜಕಣ ನೀರಿನ ಜೊತೆ ಬಂದು ಅಲ್ಲಿ ಇಳಿದಾಗ ಸಾಯುತ್ತದೆ. ಒಳಗೆ ಹೊಕ್ಕ ಮೇಲೆ ತಾಮ್ರದ ಕೈಗೆ ಸಿಗುವುದಿಲ್ಲ. ಬಸಣ್ಣನ ತಮ್ಮನ ಮೈಯಲ್ಲಿ ಅದು ಆಗಲೇ ಒಳಗೆ ಮನೆ ಮಾಡಿದೆ. ಅಡಿಕೆ ಸಿಪ್ಪೆ ಸುಟ್ಟರೆ ಒಂದು ಗೊನೆ ಹೋಯಿತು ಅನ್ನಬಹುದು, ಮೂರನೇ ಕ್ಲಾಸಿನ ಹುಡುಗಿಯ ಚರ್ಮಕ್ಕೆ ಹಾಗೆ ಅನ್ನಲಾಗುವುದಿಲ್ಲ. ಇನ್ನೊಂದು ಸಣ್ಣ ವಿಷಯ, ಕೊಳೆರೋಗ ತರುವ ಫೈಟಾಫ್ಥೊರಾ ಅನ್ನುವ ಜೀವಿ ನಿಜವಾದ ಫಂಗಸ್ ಅಲ್ಲ. ನೋಡಲು ಹಾಗಿದ್ದರೂ ಅದರ ಕುಲವೇ ಬೇರೆ, ಅದರ ಗೋಡೆಯಲ್ಲಿ ಗಿಡದ ಹಾಗೆ ಸೆಲ್ಯುಲೋಸ್ ಇದೆ.

ಒಗ್ಗುವ ಮಾತಿಗೆ ಬಂದರೆ, ತಾಮ್ರ ಹಲವು ಕಡೆ ಹೊಡೆಯುವುದರಿಂದ ಒಗ್ಗುವುದು ನಿಧಾನ ಅನ್ನುವುದು ಸರಿ. ಯಾವತ್ತೂ ಒಗ್ಗುವುದಿಲ್ಲ ಅನ್ನುವುದು ಸುಳ್ಳು. ತಾಮ್ರ ಹೊಡೆದ ದ್ರಾಕ್ಷಿ ತೋಟಗಳ ವೈನ್ ಯೀಸ್ಟನ್ನೇ ನೋಡಿ, ಅದೂ ಫಂಗಸ್ಸೇ. ಅದರಲ್ಲಿ ಕಪ್1 ಅನ್ನುವ ಜೀನ್ ಇದೆ, ತಾಮ್ರವನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನ್ ಮಾಡುತ್ತದೆ. ತಾಮ್ರವನ್ನು ತಾಳಿಕೊಳ್ಳುವ ಯೀಸ್ಟ್‌ಗಳಲ್ಲಿ ಆ ಜೀನಿನ ಪ್ರತಿಗಳು ಒಂದರ ಪಕ್ಕ ಒಂದು ಸಾಲಾಗಿ ಕೂತಿವೆ. ಬೆಳ್ಳಿಗೂ ಆಗಿದೆ. 1970ರ ದಶಕದಲ್ಲಿ ಅಮೆರಿಕದ ಬಾಸ್ಟನ್ನಿನ ಒಂದು ಸುಟ್ಟಗಾಯದ ವಾರ್ಡಿನಲ್ಲಿ ಬೆಳ್ಳಿಗೆ ಜಗ್ಗದ ಸಾಲ್ಮೊನೆಲ್ಲಾ ಹಬ್ಬಿ ರೋಗಿಗಳು ಸತ್ತರು. ಅದು ಬ್ಯಾಕ್ಟೀರಿಯಾ, ಆದರೂ ಚೀಟಿಯಲ್ಲಿ ಅದನ್ನೂ ಸೇರಿಸಿಯೇ ಬರೆದಿದ್ದಾರಲ್ಲ.

ಲೋಹದ ಮೇಲೆ ನನಗೇನೂ ಸಿಟ್ಟಿಲ್ಲ. ಎಷ್ಟೋ ಹೊಟ್ಟಿನ ಶಾಂಪೂಗಳಲ್ಲಿ ಇರುವ ಜಿಂಕ್ ಪೈರಿಥಿಯೋನ್ ಸತುವಿನದೇ. ತಲೆಯ ಮಲಸೇಜಿಯಾ ಫಂಗಸ್ಸನ್ನು ಅದು ತಗ್ಗಿಸುತ್ತದೆ. ತಮಾಷೆ ಅಂದರೆ ಯೀಸ್ಟ್ ಮೇಲೆ ನೋಡಿದಾಗ, ಅದು ಹೊರಗಿನ ತಾಮ್ರವನ್ನು ಒಳಗೆ ತುಂಬಿಸಿ ಕೊಲ್ಲುತ್ತದೆ ಅಂತ ಗೊತ್ತಾಯಿತು. ಹೆಸರು ಸತುವಿನದು, ಕೆಲಸ ತಾಮ್ರದ್ದು. ಇಷ್ಟು ವರ್ಷ ಬಳಸಿದ ಅದನ್ನೂ ಯುರೋಪಿನವರು 2022ರಲ್ಲಿ ಸೌಂದರ್ಯ ಸಾಮಗ್ರಿಗಳಿಂದ ತೆಗೆಸಿದರು, ಸುರಕ್ಷತೆಯ ಪ್ರಶ್ನೆಗೆ.

ಮಾತ್ರೆ_ಡಬ್ಬಿ:

ದಾವಣಗೆರೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದೇನೆ, ಫಾರ್ಮಸಿಸ್ಟ್. ಬಸಣ್ಣ, ಜೆಲ್ ವಿಷಯ ಬಿಡಿ. ನಿಮ್ಮ ಪೋಸ್ಟಿನಲ್ಲಿ ನನಗೆ ಕಣ್ಣಿಗೆ ಬಿದ್ದದ್ದು ಆ ಮೊದಲನೇ ಟ್ಯೂಬು.

ಎರಡು ದಿನಕ್ಕೆ ತುರಿಕೆ ನಿಂತು, ಬಿಟ್ಟರೆ ಡಬಲ್ ಆಗುತ್ತದೆ ಅಂದರೆ ನೂರಕ್ಕೆ ತೊಂಬತ್ತು ಪಾಲು ಅದರಲ್ಲಿ ಸ್ಟೀರಾಯ್ಡ್ ಇದೆ. ಕ್ಲೋಬೆಟಸೋಲ್, ಬೀಟಾಮೆಥಸೋನ್, ಹೀಗೆ ಏನಾದರೂ. ಜೊತೆಗೆ ಒಂದು ಫಂಗಸ್ ಔಷಧಿ, ಒಂದು ಬ್ಯಾಕ್ಟೀರಿಯಾ ಔಷಧಿ, ಎಲ್ಲಾ ಒಂದೇ ಟ್ಯೂಬಿನಲ್ಲಿ. ಸ್ಟೀರಾಯ್ಡ್ ತುರಿಕೆ, ಕೆಂಪು ಎರಡನ್ನೂ ಅಡಗಿಸುತ್ತದೆ. ಮೈಯ ಕಾವಲು ಅಲ್ಲಿ ಮಲಗುತ್ತದೆ, ಫಂಗಸ್ ಆರಾಮಾಗಿ ಹರಡುತ್ತದೆ. ಚರ್ಮ ತೆಳುವಾಗಿ ತೊಡೆಯಲ್ಲಿ ಬಿಳಿ ಗೆರೆ ಬೀಳುತ್ತದೆ, ಅದು ಹೋಗುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ. ಕೊಡುತ್ತಾರೆ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ಆ ಟ್ಯೂಬಿನ ಹೆಸರು ಚರ್ಮದ ಡಾಕ್ಟರಿಗೆ ತಪ್ಪದೆ ಹೇಳಿ, ಖಾಲಿ ಟ್ಯೂಬ್ ಇದ್ದರೆ ತೆಗೆದುಕೊಂಡೇ ಹೋಗಿ.

ಮುಂದೆ ಇಟ್ರಕೊನಜೋಲ್ ಕ್ಯಾಪ್ಸೂಲ್ ಬರೆದುಕೊಟ್ಟರೆ ಒಂದು ವಿಷಯ ನೆನಪಿಡಿ. ಅದು ಹೊಟ್ಟೆಯ ಹುಳಿಯಲ್ಲೇ ಕರಗಬೇಕು, ಊಟದ ಜೊತೆಗೇ ತೆಗೆದುಕೊಳ್ಳಬೇಕು. ನಮ್ಮ ಲಾರಿ ಜನ ಗ್ಯಾಸ್ಟ್ರಿಕ್ ಅಂತ ಬೆಳಿಗ್ಗೆ ಎದ್ದು ಹೊಟ್ಟೆಯ ಹುಳಿ ತಗ್ಗಿಸುವ ಪ್ಯಾಂಟೊಪ್ರಜೋಲ್ ನುಂಗಿ, ಆಮೇಲೆ ಇದನ್ನು ಖಾಲಿ ಹೊಟ್ಟೆಗೆ ಹಾಕುತ್ತಾರೆ. ಔಷಧಿ ಮೈಗೆ ಹತ್ತುವುದೇ ಇಲ್ಲ. ಆಮೇಲೆ ಮಾತ್ರೆ ಸರಿಯಿಲ್ಲ ಅಂತ ನನ್ನ ಮೇಲೆ ಕೂಗಾಡುತ್ತಾರೆ. ಬಿಪಿ, ಹೃದಯ, ಲಿವರ್ ಏನಾದರೂ ಇದ್ದರೆ ಡಾಕ್ಟರಿಗೆ ಮುಂಚೆಯೇ ಹೇಳಬೇಕು. ನಿಮ್ಮ ಅವ್ವ ಬೇರೆ ಮಾತ್ರೆ ತಗೊಳ್ಳುತ್ತಿದ್ದರೆ ಎಲ್ಲದರ ಪಟ್ಟಿ ಒಯ್ಯಿರಿ.

ಮನೆ ಕೆಲಸ: ತಮ್ಮ ಉಡದಾರ ಹಾಕಿದ್ದರೆ ಬಿಚ್ಚಿಸಿ. ಅದು ಬೆವರಿಗೆ ಒದ್ದೆಯಾಗೇ ಇರುತ್ತದೆ, ಫಂಗಸ್ ಅಲ್ಲೇ ಠಿಕಾಣಿ ಹೂಡುತ್ತದೆ. ಅವ್ವನ ಒಳಲಂಗದ ಲಾಡಿಯೂ ಅಷ್ಟೇ, ದಿನಾ ಬದಲಾಯಿಸಿ ಬಿಸಿಲಿಗೆ ಹಾಕಲಿ. ಟವೆಲ್, ಹಾಸಿಗೆ, ಬಟ್ಟೆ ಬೇರೆ ಬೇರೆ. ಒಗೆಯುವುದು ಬಿಸಿ ನೀರಿನಲ್ಲಿ. ಜೀನ್ಸ್ ಬೇಡ, ಲುಂಗಿ ಸಾಕು. ಒಬ್ಬನಿಗೆ ಮಾತ್ರ ಔಷಧಿ ಮಾಡಿದರೆ ಮನೆಯಲ್ಲೇ ಸುತ್ತು ಹೊಡೆಯುತ್ತಿರುತ್ತದೆ, ಮೂವರಿಗೂ ಒಟ್ಟಿಗೇ ಆಗಬೇಕು.

ಬೆಳ್ಳಿಯ ಕ್ರೀಮ್ ನನ್ನ ಅಂಗಡಿಯಲ್ಲೂ ಇದೆ. ಸಿಲ್ವರ್ ಸಲ್ಫಾಡಯಜಿನ್, ಸುಟ್ಟಗಾಯಕ್ಕೆ. 1960ರ ದಶಕದಿಂದ ಇದೆ, ಒಳ್ಳೆಯ ಹೆಸರಿದೆ. ಅದನ್ನು ಯಾರೂ ಹುಳುಕಡ್ಡಿಗೆ ಬರೆಯುವುದಿಲ್ಲ. ನಿಮ್ಮ ಜೆಲ್ ಡಬ್ಬಿಯನ್ನು ತಿರುಗಿಸಿ ಹಿಂದೆ ಸಣ್ಣಕ್ಷರದಲ್ಲಿ ಏನಿದೆ ಓದಿ. ಕಾಸ್ಮೆಟಿಕ್ ಅಂತ ಇದ್ದರೆ ಅದು ಪೌಡರು, ಸ್ನೋ ಸಾಲಿಗೆ ಸೇರಿದ್ದು. ಕಾಯಿಲೆ ವಾಸಿ ಮಾಡುತ್ತದೆ ಅಂತ ಅದಕ್ಕೆ ಹೇಳಿಕೊಳ್ಳುವ ಹಕ್ಕಿಲ್ಲ.

ಬಸಣ್ಣ_ರಾಣೆಬೆನ್ನೂರು:

ಎಲ್ಲರಿಗೂ ಶರಣು. ಡಬ್ಬಿ ತಿರುಗಿಸಿ ನೋಡಿದೆ, ಕಾಸ್ಮೆಟಿಕ್ ಅಂತಲೇ ಇದೆ. ಅದೂ ಮಡಿಕೆಯ ಒಳಗೆ, ನನ್ನ ಕನ್ನಡಕಕ್ಕೂ ಕಾಣದಷ್ಟು ಸಣ್ಣದಾಗಿ. ಸೋದರಳಿಯನಿಗೆ ಫೋಟೋ ಕಳಿಸಿದ್ದೇನೆ, ಇನ್ನೂ ಉತ್ತರ ಇಲ್ಲ. ಉಡದಾರದ ಮಾತು ಕೇಳಿ ಅವ್ವ ಒಪ್ಪುತ್ತಿಲ್ಲ. ಗಂಡುಮಕ್ಕಳು ಉಡದಾರ ಇಲ್ಲದೆ ಇರಬಾರದು ಅನ್ನುತ್ತಾಳೆ. ವಾಸಿಯಾದ ಮೇಲೆ ಹೊಸದು ಕಟ್ಟೋಣ, ಈಗ ಬೇಡ ಅಂತ ಹೇಳಿ ನಿಲ್ಲಿಸಿದ್ದೇನೆ.

ತಮ್ಮ ಗುರುವಾರ ಬರುತ್ತಾನೆ. ಚರ್ಮದ ಡಾಕ್ಟರಿಗೆ ತೋರಿಸುತ್ತೇವೆ. ಅಕ್ಕಾ, ಆ ಪರೀಕ್ಷೆ ಅಂದರೆ ಏನು ಮಾಡುತ್ತಾರೆ? ಚರ್ಮ ಕತ್ತರಿಸುತ್ತಾರಾ? ಮಗಳು ಈಗಲೇ ಅಳುತ್ತಿದ್ದಾಳೆ. ಅಲ್ಲಿವರೆಗೆ ಆ ಜೆಲ್ಲನ್ನಾದರೂ ಹಚ್ಚಿಕೊಂಡಿರಲಾ?

ಅಗರ್_ತಟ್ಟೆ:

ಕತ್ತರಿಸುವುದಿಲ್ಲ ಬಸಣ್ಣ. ಉಂಗುರದ ಅಂಚಿನಲ್ಲಿ ಹೊಟ್ಟು ಎದ್ದಿರುತ್ತದಲ್ಲ, ಅದನ್ನು ಮೊಂಡು ಬ್ಲೇಡಿನಿಂದ ಮೆತ್ತಗೆ ಕೆರೆದು ಕಾಗದದ ಮೇಲೆ ಬೀಳಿಸಿಕೊಳ್ಳುತ್ತೇವೆ. ನಡುವಿನ ಜಾಗದಿಂದ ತೆಗೆದರೆ ಪ್ರಯೋಜನ ಕಡಿಮೆ, ಜೀವಂತ ಫಂಗಸ್ ಅಂಚಿನಲ್ಲೇ ಇರುವುದು. ರಕ್ತ ಬರುವುದಿಲ್ಲ. ಮಗಳಿಗೆ ಮೊದಲು ಅವಳ ಉಗುರಿನ ಮೇಲೆ ಬ್ಲೇಡ್ ಆಡಿಸಿ ತೋರಿಸಿದರೆ ಸುಮ್ಮನಾಗುತ್ತಾಳೆ, ನಾನು ಚಿಕ್ಕ ಮಕ್ಕಳಿಗೆ ಹಾಗೇ ಮಾಡುವುದು. ಕೆರೆದ ಹೊಟ್ಟಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿದರೆ ಚರ್ಮ ಕರಗಿ ತಿಳಿಯಾಗುತ್ತದೆ, ಫಂಗಸ್ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಕವಲೊಡೆದ ಎಳೆಗಳು ಕಾಣುತ್ತವೆ, ನಡುನಡುವೆ ಅಡ್ಡಗೆರೆ. ಈ ರಿಪೋರ್ಟ್ ಅದೇ ದಿನ ಸಿಗುತ್ತದೆ. ಯಾವ ಜಾತಿ, ಯಾವ ಮಾತ್ರೆಗೆ ಬಗ್ಗುತ್ತದೆ ಅಂತ ತಿಳಿಯಲು ಬೆಳೆಸಿ ನೋಡಬೇಕು. ಅದಕ್ಕೆ ಮೂರು ನಾಲ್ಕು ವಾರ ಹಿಡಿಯುತ್ತದೆ, ಎಲ್ಲಾ ಲ್ಯಾಬಿನಲ್ಲೂ ಮಾಡುವುದಿಲ್ಲ. ಬೇಕಾ ಬೇಡವಾ ಡಾಕ್ಟರೇ ಹೇಳುತ್ತಾರೆ. ಅಲ್ಲಿಯವರೆಗೆ ಕಾಯದೆ ಔಷಧಿ ಶುರು ಮಾಡುವುದೂ ಉಂಟು.

ಜೆಲ್ ಹಚ್ಚಬೇಡಿ. ಬೆಳ್ಳಿ ಮೇಲ್ಪದರದ ಫಂಗಸ್ಸನ್ನು ಒಂದಿಷ್ಟು ಕೊಂದರೆ ನನ್ನಂಥವರು ಕೆರೆದು ನೋಡಿದಾಗ ಏನೂ ಸಿಗದೆ, ಫಂಗಸ್ ಇಲ್ಲ ಅಂತ ರಿಪೋರ್ಟ್ ಬರಬಹುದು. ಒಳಗೆ ಇದ್ದೇ ಇರುತ್ತದೆ. ಮಿಕ್ಕ ಕ್ರೀಮು, ಪೌಡರಿಗೂ ಇದೇ ಮಾತು. ತುರಿಕೆ ತಡೆಯಲು ಆಗದಿದ್ದರೆ ತಣ್ಣೀರಲ್ಲಿ ಅದ್ದಿದ ಶುಭ್ರ ಬಟ್ಟೆ ಇಟ್ಟು, ಆಮೇಲೆ ಪೂರ್ತಿ ಒಣಗಿಸಿ. ಕೆರೆ_ಏರಿ ಅವರ ಕಕ್ಕೆ ಸೊಪ್ಪನ್ನೂ ಪರೀಕ್ಷೆ ಮುಗಿಯುವವರೆಗೆ ಮುಟ್ಟಬೇಡಿ.

ಗುರುವಾರ ಹೋಗುವಾಗ ಮೂವರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ. ಮಗಳ ತೂಕ ನೋಡಿಸಿಕೊಂಡು ಹೋಗಿ, ಮಕ್ಕಳ ಮಾತ್ರೆ ಲೆಕ್ಕ ತೂಕದ ಮೇಲೆ. ತಮ್ಮನಿಗೆ ಮುಂದಿನ ಲೋಡು ಯಾವತ್ತು ಅಂತ ಡಾಕ್ಟರಿಗೆ ಹೇಳಿ, ಅಷ್ಟೂ ದಿನದ ಮಾತ್ರೆ ಒಮ್ಮೆಗೇ ತೆಗೆದು ಲಾರಿಯಲ್ಲಿ ಇಟ್ಟುಕೊಳ್ಳಲಿ. ಡ್ಯಾಶ್‌ಬೋರ್ಡ್ ಮೇಲೆ ಬೇಡ, ಬಿಸಿಲು ಬೀಳುತ್ತದೆ.